ಮಂಡಿಯಿಂದ ಮುನಿಸಿಪಾಲಿಟಿಗೆ: ಈರೋಡಿನ ಕನ್ನಡ ಮನೆಯ ರಾಮಸ್ವಾಮಿ

ಪೆರಿಯಾರ್ ಅಂದ ಕೂಡಲೇ ನಮ್ಮ ಗಡಿನಾಡಿನ ಜನಕ್ಕೆ ಕಣ್ಣ ಮುಂದೆ ಬರುವುದು ಕರಿ ಅಂಗಿ, ಎದೆ ಮುಟ್ಟುವ ಬಿಳಿ ಗಡ್ಡ, ಕೈಯಲ್ಲೊಂದು ಕೋಲು. ತಮಿಳುನಾಡಿನ ಊರೂರಿನ ಸರ್ಕಲ್ಲಿನಲ್ಲಿ ನಿಂತಿರುವ ಪ್ರತಿಮೆಯೂ ಅದೇ. ದೇವರನ್ನು ಒಪ್ಪದವರು, ಜಾತಿಯನ್ನು ಬೈದವರು, ಹಿಂದಿಯನ್ನು ತಡೆದವರು ಅಂತ ಹೊಗಳುವವರೂ ಉಂಟು, ಅದಕ್ಕೇ ತೆಗಳುವವರೂ ಉಂಟು. ಆ ಜಗಳ ಇಲ್ಲಿ ಬೇಡ. ಗಡ್ಡ ಬಿಡುವ ಮುಂಚೆ ಆ ಮನುಷ್ಯನಿಗೆ ನಲವತ್ತು ವರ್ಷದ ಇನ್ನೊಂದು ಬದುಕಿತ್ತು. ಮಂಡಿಯ ಗಾದಿಯ ಮೇಲೆ ಕೂತು ವ್ಯಾಪಾರ ಮಾಡಿದ್ದು, ಊರಿನ ಚರಂಡಿ, ದೀಪ, ರಸ್ತೆ, ನಲ್ಲಿಯ ಲೆಕ್ಕ ನೋಡಿದ್ದು, ನೆರೆಹೊರೆಯ ಅಂಗಡಿಯವರ ಕೈಲಿ ಮನಸ್ತಾಪ ಕಟ್ಟಿಕೊಂಡದ್ದು, ಇದೆಲ್ಲ ಆ ನಲವತ್ತು ವರ್ಷದ ಒಳಗೇ ಆಗಿಹೋಯಿತು. ಈರೋಡಿನ ಮಾರುಕಟ್ಟೆಗೆ ಅರಿಶಿನ ಹಾಕುವ ತಾಳವಾಡಿ ಸೀಮೆಯವರಲ್ಲಿ ನಾನೂ ಒಬ್ಬ. ಆದ್ದರಿಂದಲೋ ಏನೋ, ಅವರ ಭಾಷಣಕ್ಕಿಂತ ಅವರ ಲೆಕ್ಕದ ಪುಸ್ತಕದ ಕಾಲ ನನಗೆ ಹೆಚ್ಚು ಹತ್ತಿರ ಅನ್ನಿಸುತ್ತದೆ.

ಇ.ವಿ. ರಾಮಸ್ವಾಮಿ ಹುಟ್ಟಿದ್ದು 1879ರ ಸೆಪ್ಟೆಂಬರ್ 17ರಂದು, ಈರೋಡಿನಲ್ಲಿ. ಬಲಿಜ ನಾಯ್ಡು ಮನೆತನ, ಮನೆಮಾತು ಕನ್ನಡ. ಬೀದಿಗೆ ಇಳಿದರೆ ತಮಿಳು, ವ್ಯಾಪಾರಕ್ಕೆ ಬಂದವರ ಜತೆ ತೆಲುಗು. ಮೂರೂ ಬರುತ್ತಿತ್ತು. ಆಗ ಈರೋಡು ಕೊಯಮತ್ತೂರು ಜಿಲ್ಲೆಗೆ ಸೇರಿದ ಊರು. ನಮ್ಮ ಹಿರಿಯರು ಮರೆತಿರಲಾರರು, ಕೊಳ್ಳೇಗಾಲ ತಾಲ್ಲೂಕೂ 1956ರ ತನಕ ಅದೇ ಜಿಲ್ಲೆಯೊಳಗಿತ್ತು. ದಿಂಬಂ ಘಟ್ಟದ ಮೇಲಿನವರೂ ಕೆಳಗಿನವರೂ ಒಬ್ಬನೇ ಕಲೆಕ್ಟರ ಸಾಹೇಬನಿಗೆ ಅರ್ಜಿ ಬರೆದುಕೊಳ್ಳುತ್ತಿದ್ದ ಕಾಲ ಅದು. ಹೀಗಾಗಿ ಈರೋಡಿನಲ್ಲಿ ಒಂದು ಕನ್ನಡ ಮಾತಾಡುವ ವರ್ತಕರ ಮನೆ ಅಂದರೆ ಆಗ ಯಾರೂ ಹುಬ್ಬೇರಿಸುವ ಸಂಗತಿಯಾಗಿರಲಿಲ್ಲ.

ತಂದೆ ವೆಂಕಟ ನಾಯ್ಕರು ಏನೂ ಇಲ್ಲದೆ ಮೇಲೆ ಬಂದವರು. ಚಿಕ್ಕ ವಯಸ್ಸಿನಲ್ಲೇ ತಬ್ಬಲಿಯಾಗಿ ಕಲ್ಲುಕೆಲಸದವರ ಜತೆ ಕೂಲಿ ಮಾಡಿದರು. ಕೈಯಲ್ಲಿ ನಾಲ್ಕು ಕಾಸು ಸೇರಿದ ಮೇಲೆ ಎತ್ತಿನ ಗಾಡಿ ತೆಗೆದುಕೊಂಡು ಬಾಡಿಗೆಗೆ ಹೊಡೆದರು. ಗಾಡಿ ಮಾರಿ ಸಣ್ಣ ದಿನಸಿ ಅಂಗಡಿ ಇಟ್ಟರು. ಅಂಗಡಿ ಬೆಳೆದು ಮಂಡಿಯಾಯಿತು, ಮಂಡಿ ಬೆಳೆದು ಊರಿನ ದೊಡ್ಡ ಕುಳಗಳಲ್ಲಿ ಒಬ್ಬರಾದರು. ತಾಯಿ ಚಿನ್ನ ತಾಯಮ್ಮಾಳ್. ಗಂಡ ಹೆಂಡಿರಿಬ್ಬರೂ ಕಟ್ಟಾ ವೈಷ್ಣವ ಭಕ್ತರು. ಮನೆಯಲ್ಲಿ ದಿನಾ ಪಂಡಿತರು, ಭಾಗವತರು, ಸಾಧುಗಳಿಗೆ ಊಟ, ಹರಿಕಥೆ. ಹಿರಿಯ ಮಗ ಕೃಷ್ಣಸ್ವಾಮಿ ಶಾಂತ ಸ್ವಭಾವದವರು. ಎರಡನೆಯವನೇ ತಂಟೆ. ಊಟಕ್ಕೆ ಬಂದ ಪಂಡಿತರನ್ನು ಹಿಡಿದುಕೊಂಡು ಈ ಕಥೆಗೂ ಆ ಕಥೆಗೂ ಹೊಂದುವುದಿಲ್ಲವಲ್ಲ ಅಂತ ಕೇಳುವ ಪೋರ.

ಹುಡುಗನನ್ನು ತಂದೆಯ ಕಡೆಯ ಒಬ್ಬ ವಿಧವೆ ಅಜ್ಜಿಗೆ ದತ್ತು ಕೊಟ್ಟಂತೆ ಕೊಟ್ಟಿದ್ದರು. ಅಲ್ಲಿ ಹೇಳುವವರು ಕೇಳುವವರು ಇಲ್ಲ. ಶಾಲೆಗೆ ಹೋಗುವ ದಾರಿಯಲ್ಲಿ ಕಡಿಮೆ ಜಾತಿ ಅಂತ ಎಣಿಸಿದ್ದ ಜನರ ಬೀದಿಗಳಿದ್ದವು. ಅವರ ಮನೆಯಲ್ಲಿ ನೀರು ಕುಡಿಯಬೇಡ, ಬೇಕಾದರೆ ಮೇಷ್ಟ್ರ ಮನೆಯಲ್ಲಿ ಕುಡಿ ಅಂತ ಮನೆಯವರ ಕಟ್ಟಪ್ಪಣೆ. ಮೇಷ್ಟ್ರು ಶಾಖಾಹಾರಿ ಓದುವಾರ್ ಜಾತಿಯವರು. ಅವರ ಮನೆಯಲ್ಲಿ ಹುಡುಗಿಯೊಬ್ಬಳು ಲೋಟ ನೆಲದ ಮೇಲಿಟ್ಟು, ಎತ್ತರದಿಂದ ನೀರು ಹೊಯ್ದು, ತುಟಿಗೆ ತಾಗಿಸದೆ ಕುಡಿಯಬೇಕು ಅಂತ ಹೇಳಿ, ಕುಡಿದ ಮೇಲೆ ಲೋಟದ ಮೇಲೆ ನೀರು ಸುರಿದು ತೊಳೆದು ಒಳಗೆ ಒಯ್ದಳಂತೆ. ಶ್ರೀಮಂತ ವರ್ತಕನ ಮಗನಿಗೇ ಈ ಉಪಚಾರ. ಆಮೇಲೆ ಅವನು ಮೇಷ್ಟ್ರ ಮನೆ ಬಿಟ್ಟು, ಬೇಡ ಅಂದ ಮನೆಗಳಲ್ಲೇ ನೀರು ಕುಡಿದ, ತಿಂಡಿಯನ್ನೂ ತಿಂದ. ಮನೆಗೆ ಸುದ್ದಿ ಮುಟ್ಟಿ ಏಟು ಬಿತ್ತು, ಕಾಲಿಗೆ ಮರದ ತುಂಡು ಕಟ್ಟಿದ ಸರಪಳಿಯೂ ಬಿತ್ತು. ಅದನ್ನು ಹೆಗಲ ಮೇಲೆ ಹೊತ್ತುಕೊಂಡೇ ಆಡಲು ಹೋಗುತ್ತಿದ್ದನಂತೆ.

ಓದು ಅಷ್ಟಕ್ಕೇ ನಿಂತಿತು. ಹನ್ನೆರಡನೇ ವಯಸ್ಸಿನ ಹೊತ್ತಿಗೆ ತಂದೆ ಅವನನ್ನು ಮಂಡಿಯಲ್ಲಿ ಕೂರಿಸಿದರು. ಶಾಲೆಗೆ ಒಗ್ಗದ ಹುಡುಗ ಮಂಡಿಗೆ ಬಲು ಚೆನ್ನಾಗಿ ಒಗ್ಗಿದ. ಮೂಟೆಗೆ ಬೆಲೆ ಕಟ್ಟುವುದು, ಹರಾಜು ಕೂಗುವುದು, ಬಂದ ಹಳ್ಳಿಯವನ ಮುಖ ನೋಡಿ ಅವನ ಅಡಚಣೆ ಎಷ್ಟು ಅಂತ ತಿಳಿಯುವುದು, ಸಂಜೆ ರೊಕ್ಕಕ್ಕೂ ಪುಸ್ತಕಕ್ಕೂ ತಾಳೆ ನೋಡುವುದು. ಈ ವಿದ್ಯೆ ಯಾವ ಕಾಲೇಜಿನಲ್ಲೂ ಸಿಗದು ಅಂತ ಓದುಗರಲ್ಲಿ ಮಂಡಿ ಕಂಡವರು ಒಪ್ಪುತ್ತಾರೆ. 1898ರಲ್ಲಿ ನಾಗಮ್ಮಾಳ್ ಅವರೊಂದಿಗೆ ಮದುವೆ. ಹುಟ್ಟಿದ ಒಂದು ಹೆಣ್ಣು ಮಗು ಐದು ತಿಂಗಳಿಗೇ ತೀರಿಕೊಂಡಿತು. ಮತ್ತೆ ಮಕ್ಕಳಾಗಲಿಲ್ಲ.

1904ರಲ್ಲಿ ತಂದೆಯ ಜತೆ ಜಗಳ ಬಂದು ಮನೆ ಬಿಟ್ಟು ಕಾಶಿಗೆ ಹೋದರು. ಅಲ್ಲಿ ಛತ್ರದ ಬಾಗಿಲಲ್ಲಿ ಬ್ರಾಹ್ಮಣರಿಗೆ ಮಾತ್ರ ಊಟ ಅಂತ ತಿರುಗಿ ಕಳಿಸಿದರು. ಜನಿವಾರ ಹಾಕಿಕೊಂಡು ಹೋದರೂ ಮೀಸೆ ಗುಟ್ಟು ಬಿಟ್ಟುಕೊಟ್ಟಿತು. ಹಸಿವಿಗೆ ಬೀದಿಗೆ ಎಸೆದ ಎಲೆಯಲ್ಲಿ ಉಳಿದದ್ದನ್ನೇ ತಿಂದರು. ಆ ಛತ್ರ ಕಟ್ಟಿಸಿದ್ದು ದಕ್ಷಿಣದ ಒಬ್ಬ ಅಬ್ರಾಹ್ಮಣ ವರ್ತಕ ಅಂತ ಆಮೇಲೆ ಗೊತ್ತಾದದ್ದು ಅವರ ಮನಸ್ಸಿನಲ್ಲಿ ಉಳಿದುಹೋಯಿತು. ಹಣ ಕೊಟ್ಟವನು ಯಾರು, ಉಣ್ಣುವವನು ಯಾರು, ಬಾಗಿಲಲ್ಲಿ ನಿಲ್ಲುವವನು ಯಾರು, ಇದು ಮುಂದೆ ಅವರು ಎಲ್ಲ ಸಂಸ್ಥೆಯನ್ನೂ ನೋಡಿದ ರೀತಿ. ಕಡೆಗೆ ತಂದೆ ಹುಡುಕಿಕೊಂಡು ಹೋಗಿ ಕರೆತಂದರು. ಊರಿಗೆ ಬಂದ ಮೇಲೆ ಮಂಡಿಯನ್ನೇ ಮಗನ ಹೆಸರಿಗೆ ಮಾಡಿಕೊಟ್ಟರು. ಅಂಗಡಿಯ ಮೇಲೆ ಇ.ವಿ. ರಾಮಸ್ವಾಮಿ ನಾಯ್ಕರ್ ಮಂಡಿ ಅಂತ ಹೆಸರು ಬಂತು. ಓಡಿಹೋಗುವ ಮಗನನ್ನು ಕಟ್ಟಿಹಾಕಲು ಸರಪಳಿಗಿಂತ ಜವಾಬ್ದಾರಿ ಲೇಸು ಅಂತ ಮುದುಕರು ಅಷ್ಟು ಹೊತ್ತಿಗೆ ಕಂಡುಕೊಂಡಿದ್ದರು.

ಊರ ಕೆಲಸಕ್ಕೆ ಕೈ ಹಾಕಿದ್ದು

ಊರವರು ರಾಮಸ್ವಾಮಿಯವರನ್ನು ಬರೀ ಸಾಹುಕಾರರ ಮಗ ಅಂತ ನೋಡುವುದು ಬಿಟ್ಟದ್ದು ಪ್ಲೇಗಿನ ಕಾಲಕ್ಕೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದದ್ದು ನಮಗೆ ಗೊತ್ತೇ ಇದೆ. ಅಲ್ಲಿಂದ ಮುಂದೆ ಎಷ್ಟೋ ವರ್ಷ ಅದು ಸೇಲಂ, ಕೊಯಮತ್ತೂರು ಸೀಮೆಯ ಊರುಗಳನ್ನೂ ಕಾಡಿತು. ಇಲಿ ಬಿತ್ತು ಅಂದರೆ ಸಾಕು, ಊರು ಖಾಲಿ. ಉಳ್ಳವರು ತೋಟದ ಗುಡಿಸಲಿಗೆ ಹೋಗುತ್ತಿದ್ದರು, ಬಡವರು ಅಲ್ಲೇ ಬೀಳುತ್ತಿದ್ದರು. ಹೆಣ ಎತ್ತುವುದಕ್ಕೆ ಸ್ವಂತ ನೆಂಟರೂ ಹತ್ತಿರ ಬರುತ್ತಿರಲಿಲ್ಲ. ಈರೋಡಿಗೆ ಪ್ಲೇಗ್ ಬಂದಾಗ ರಾಮಸ್ವಾಮಿ ಊರು ಬಿಡಲಿಲ್ಲ, ಗೆಳೆಯರನ್ನು ಕಟ್ಟಿಕೊಂಡು ತಾವೇ ಹೆಣ ಹೊತ್ತರು. ಹಣ ಕೊಟ್ಟು ಕೈ ತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ.

1911ರಲ್ಲಿ ತಂದೆ ತೀರಿಕೊಂಡರು. ಅವರು ನಡೆಸಿಕೊಂಡು ಬಂದಿದ್ದ ದೇವಸ್ಥಾನ, ಛತ್ರದ ಕೆಲಸಗಳೂ ಮಗನ ಹೆಗಲಿಗೆ ಬಂದವು. ಇಲ್ಲಿ ಒಂದು ತಮಾಷೆ ನೋಡಿ. ಮುಂದೆ ದೇವರಿಲ್ಲ ಅಂತ ಊರೂರು ಸಾರಿದವರು ಈರೋಡಿನ ದೇವಸ್ಥಾನ ಸಮಿತಿಯ ಹೊಣೆ ಹೊತ್ತು, ಗುಡಿಗಳ ರಿಪೇರಿ ಮಾಡಿಸಿ, ಲೆಕ್ಕ ಸರಿಮಾಡಿ, ಹಣ ಉಳಿಸಿ ಕೊಟ್ಟವರು. ನಂಬಿಕೆ ಇಲ್ಲದಿದ್ದರೂ ದೇವರ ದುಡ್ಡು ತಿನ್ನದ ಧರ್ಮಕರ್ತ! ಊರವರಿಗೆ ಅಷ್ಟು ಸಾಕಾಗಿತ್ತು. ಗೌರವ ಮ್ಯಾಜಿಸ್ಟ್ರೇಟ್, ವರ್ತಕರ ಸಂಘ, ಆ ಸಮಿತಿ ಈ ಸಮಿತಿ ಅಂತ ಒಂದೊಂದೇ ಸೇರಿ ಕಡೆಗೆ 29 ಸಾರ್ವಜನಿಕ ಹುದ್ದೆ ಅವರ ಹೆಸರಿನಲ್ಲಿದ್ದವು ಅಂತ ಲೆಕ್ಕ. ಒಂದಕ್ಕೂ ಸಂಬಳವಿಲ್ಲ. ಅವುಗಳಲ್ಲಿ ದೊಡ್ಡದು ಈರೋಡು ಮುನಿಸಿಪಾಲಿಟಿಯ ಚೇರ್ಮನ್ ಪದವಿ.

ಆಗಿನ ಮುನಿಸಿಪಾಲಿಟಿ ಅಂದರೆ ಏನು ಅಂತ ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಅವರು ಮಾಡಿದ ಕೆಲಸದ ತೂಕ ಗೊತ್ತಾಗುವುದಿಲ್ಲ. ಈರೋಡಿಗೆ ಮುನಿಸಿಪಾಲಿಟಿ ಬಂದದ್ದು 1871ರಲ್ಲಿ. 1901ರ ಜನಗಣತಿಯಲ್ಲೂ ಊರಿನ ಜನ 15 ಸಾವಿರ ಚಿಲ್ಲರೆ ಅಷ್ಟೇ, ಅಂದರೆ ಈಗಿನ ಒಂದು ದೊಡ್ಡ ಹೋಬಳಿ ಊರಿನಷ್ಟು. ಆಡಳಿತ ನಡೆಯುತ್ತಿದ್ದದ್ದು ಮದ್ರಾಸ್ ಸರ್ಕಾರದ 1884ರ ಜಿಲ್ಲಾ ಮುನಿಸಿಪಾಲಿಟಿ ಕಾಯಿದೆ ಪ್ರಕಾರ. ಕೌನ್ಸಿಲರುಗಳಲ್ಲಿ ಕೆಲವರನ್ನು ಜನ ಆರಿಸುತ್ತಿದ್ದರು, ಕೆಲವರನ್ನು ಸರ್ಕಾರ ನೇಮಿಸುತ್ತಿತ್ತು. ಜನ ಅಂದರೂ ಎಲ್ಲರೂ ಅಲ್ಲ, ಕಂದಾಯ ಕಟ್ಟುವ ಅನುಕೂಲಸ್ಥರು. ಗುಡಿಸಲಿನವನಿಗೆ ವೋಟೂ ಇಲ್ಲ, ಅವನ ಬೀದಿಗೆ ದೀಪವೂ ಇಲ್ಲ. ಮೇಲೆ ಕಲೆಕ್ಟರರ ಕಣ್ಣು. ಬಜೆಟ್ಟಿಗೆ, ಸಾಲಕ್ಕೆ, ದೊಡ್ಡ ಕಾಮಗಾರಿಗೆ ಎಲ್ಲದಕ್ಕೂ ಮೇಲಿನ ಮಂಜೂರಾತಿ ಬರಬೇಕು.

ವರಮಾನ ಎಲ್ಲಿಂದ? ಮನೆ ಕಂದಾಯ, ಅದೂ ಮನೆಗೆ ಬಾಡಿಗೆ ಎಷ್ಟು ಬರಬಹುದು ಅಂತ ಅಂದಾಜು ಕಟ್ಟಿ ಆರು ತಿಂಗಳಿಗೊಮ್ಮೆ. ಕಸುಬಿನ ತೆರಿಗೆ, ಅದು ನಮ್ಮಂಥ ವರ್ತಕರಿಗೆ. ಗಾಡಿ, ಕುದುರೆ, ಎತ್ತಿಗೆ ತೆರಿಗೆ. ಟೋಲ್ ಗೇಟಿನ ಸುಂಕ. ಸಂತೆ ಮೈದಾನದ, ಗಾಡಿ ನಿಲ್ದಾಣದ, ಕಸಾಯಿಖಾನೆಯ ಹರಾಜು. ಖರ್ಚು ಎಲ್ಲಿಗೆ? ಬೀದಿಗೆ ಜಲ್ಲಿ, ಸೀಮೆಎಣ್ಣೆ ದೀಪ, ದೀಪ ಹಚ್ಚುವ ಆಳು, ಕಕ್ಕಸು ಬಾಚುವ ಜನ, ಕಸದ ಗಾಡಿಯ ಎತ್ತು, ಆ ಎತ್ತಿಗೆ ಮೇವು, ಪ್ರೈಮರಿ ಶಾಲೆ, ಔಷಧಾಲಯ, ದೇವಿ ಹಾಕುವವನ ಸಂಬಳ, ಹುಟ್ಟು ಸಾವಿನ ದಾಖಲೆ. ಮೀಟಿಂಗಿನಲ್ಲಿ ದೇಶದ ಸ್ವಾತಂತ್ರ್ಯದ ಮಾತು ಬರುತ್ತಿರಲಿಲ್ಲ. ಯಾರ ಮನೆಯ ಮುಂದೆ ದೀಪದ ಕಂಬ, ಯಾರ ಕಂದಾಯ ಇಳಿಸಬೇಕು, ಗುತ್ತಿಗೆ ಯಾರಿಗೆ, ಇದೇ ಜಗಳ. ಸಂತೆ ಹರಾಜಿನಲ್ಲಿ ಒಳಒಪ್ಪಂದ, ದೀಪದ ಎಣ್ಣೆಯಲ್ಲಿ ಕಳ್ಳತನ, ದೊಡ್ಡವರ ಮನೆಗೆ ಕಡಿಮೆ ಅಂದಾಜು. ಇದು ಬರೀ ಈರೋಡಿನ ಮಾತಲ್ಲ, ಆ ಕಾಲದ ಸಣ್ಣ ಊರಿನ ಮುನಿಸಿಪಾಲಿಟಿಗಳೆಲ್ಲದರ ಹಣೆಬರಹ.

ಇಂಥ ಜಾಗಕ್ಕೆ ಮಂಡಿಯ ಮನುಷ್ಯ ಬಂದು ಕೂತರೆ ಒಂದು ಅನುಕೂಲವಿದೆ, ಒಂದು ಕಷ್ಟವೂ ಇದೆ. ಲೆಕ್ಕದಲ್ಲಿ ಅವನಿಗೆ ಟೋಪಿ ಹಾಕುವುದು ಕಷ್ಟ. ಹರಾಜು ಹೇಗೆ ಕೂಗುತ್ತಾರೆ, ಹೇಗೆ ಕೂಗಿದಂತೆ ನಟಿಸುತ್ತಾರೆ, ಎರಡೂ ಅವನಿಗೆ ಗೊತ್ತು. ಕಷ್ಟ ಯಾವುದು ಅಂದರೆ, ಕಂದಾಯ ಬಾಕಿ ಇಟ್ಟವನು, ರಸ್ತೆಗೆ ಅಂಗಡಿ ಚಾಚಿದವನು, ಗುತ್ತಿಗೆ ಕೇಳಿಕೊಂಡು ಬಂದವನು, ಎಲ್ಲರೂ ಅವನ ಗಿರಾಕಿಗಳೇ, ನೆಂಟರೇ, ತಂದೆಯ ಕಾಲದ ಸ್ನೇಹಿತರೇ. ಚೇರ್ಮನ್ ಆಗಿ ಒಬ್ಬನಿಗೆ ನೋಟೀಸು ಕೊಟ್ಟರೆ ಮಾರನೇ ದಿನ ಮಂಡಿಗೆ ಅವನ ಸರಕು ಬರುವುದಿಲ್ಲ.

ರಾಮಸ್ವಾಮಿ ನಾಯ್ಕರು ಎರಡು ದೊಡ್ಡ ಕೆಲಸಕ್ಕೆ ಕೈ ಹಾಕಿದರು. ಮೊದಲನೆಯದು ಅಂಗಡಿ ಬೀದಿ. ಪೇಟೆ ಬೀದಿ ಅಂದರೆ ಎಲ್ಲ ಊರಲ್ಲೂ ಒಂದೇ ಕತೆ: ಮೊದಲು ಒಂದು ಚಪ್ಪರ, ಆಮೇಲೆ ಚಪ್ಪರದಡಿ ಒಂದು ಕಟ್ಟೆ, ಆಮೇಲೆ ಕಟ್ಟೆಗೆ ಗೋಡೆ. ಹತ್ತು ವರ್ಷದಲ್ಲಿ ಎರಡು ಗಾಡಿ ಎದುರುಬದುರಾದರೆ ಎತ್ತು ಬಿಚ್ಚಬೇಕಾದ ಪರಿಸ್ಥಿತಿ. ಈರೋಡಿನ ಪೇಟೆಯಲ್ಲಿ ಈ ಒತ್ತುವರಿ ತೆಗೆಸಿ ಬೀದಿ ಅಗಲ ಮಾಡಿಸಿದರು. ವರ್ತಕರ ಪೈಕಿ ಅವರದೇ ದೊಡ್ಡ ಹೆಸರು, ಕೆಡವಬೇಕಾದದ್ದು ವರ್ತಕರದೇ ಕಟ್ಟೆ. ಜನ ಸುಮ್ಮನಿರುತ್ತಾರೆಯೇ? ವಿರೋಧ ಬಂತು. ಆದರೆ ಬೀದಿ ಅಗಲವಾಯಿತು. ಕೆಡವುವುದು ಸುಲಭ ಅಂತ ಹೊರಗಿನವರು ಅಂದುಕೊಳ್ಳಬಹುದು. ಸ್ವಂತ ಪೇಟೆಯಲ್ಲಿ, ಸ್ವಂತ ಜಾತಿಯವನ, ಸ್ವಂತ ಕಸುಬಿನವನ ಜಗಲಿ ಕೆಡವಿಸಿದವರನ್ನು ನಾನಂತೂ ಹೆಚ್ಚು ಕಂಡಿಲ್ಲ.

ಎರಡನೆಯದು ಕುಡಿಯುವ ನೀರು.

ಈರೋಡಿನ ಒಂದು ಮಗ್ಗುಲಲ್ಲೇ ಕಾವೇರಿ ಹರಿಯುತ್ತದೆ. ಜತೆಗೆ ಭವಾನಿಯಿಂದ ತಂದ ಹಳೆಯ ಕಾಳಿಂಗರಾಯನ ಕಾಲುವೆ. ಇಷ್ಟಿದ್ದೂ ಊರೊಳಗಿನ ಹೆಂಗಸರು ಕೊಡ ಹೊತ್ತು ಬಾವಿ ಬಾವಿ ಅಲೆಯುತ್ತಿದ್ದರು. ಬೇಸಗೆಯಲ್ಲಿ ಬಾವಿ ಬತ್ತುವುದು, ಮಳೆಗಾಲದಲ್ಲಿ ಚರಂಡಿ ನೀರು ಇಳಿದು ಬಾವಿ ಕೆಡುವುದು, ಕಾಲರಾ ಬರುವುದು, ಇದು ವರ್ಷ ವರ್ಷದ ಪಾಡು. ಯಾವ ಬಾವಿಯಲ್ಲಿ ಯಾರು ಕೊಡ ಇಳಿಸಬಹುದು ಅನ್ನುವ ಕಟ್ಟುಪಾಡು ಬೇರೆ.

ಆಗಿನ ಮದ್ರಾಸ್ ಪ್ರಾಂತದಲ್ಲಿ ಒಂದು ಊರಿಗೆ ಕೊಳಾಯಿ ನೀರು ತರುವುದು ಅಂದರೆ ಸಣ್ಣ ಸಾಹಸವಲ್ಲ. ಮೊದಲು ಸರ್ಕಾರದ ಸ್ಯಾನಿಟರಿ ಎಂಜಿನಿಯರ್ ಬಂದು ನೋಡಿ ನಕ್ಷೆ ತಯಾರಿಸಬೇಕು. ಅಂದಾಜು ಮೊತ್ತ ಊರಿನ ಎಷ್ಟೋ ವರ್ಷದ ವರಮಾನವನ್ನು ಮೀರಿ ಹೋಗುತ್ತದೆ. ಅರ್ಧದಷ್ಟೋ ಎಷ್ಟೋ ಸರ್ಕಾರದ ಸಹಾಯಧನ, ಉಳಿದದ್ದು ಸಾಲ. ಸಾಲ ತೀರಿಸಲು ನೀರಿನ ತೆರಿಗೆ ಹಾಕಬೇಕು. ನಲ್ಲಿ ಬರುವ ಮುಂಚೆ ತೆರಿಗೆಯ ಮಾತು ಬರುತ್ತದೆ, ಬಾವಿ ಇದ್ದವನು ನನಗೇಕೆ ನಲ್ಲಿ ಅಂತಾನೆ. ಆ ಮೇಲೆ ಕಾಗದ ಮದ್ರಾಸಿಗೆ ಹೋಗಿ, ಆಕ್ಷೇಪಣೆ ಹೊತ್ತು ತಿರುಗಿ ಬಂದು, ಮತ್ತೆ ಹೋಗಿ, ಹೀಗೆ ವರ್ಷಗಳು. ಅದೂ ಮೊದಲ ಮಹಾಯುದ್ಧದ ಕಾಲ. ಕಬ್ಬಿಣದ ಪೈಪು, ಎಂಜಿನ್ನು ಎಲ್ಲ ಹಡಗಿನಲ್ಲಿ ಬರಬೇಕು, ಬೆಲೆ ಆಕಾಶಕ್ಕೆ. 1918ರಲ್ಲಿ ಇನ್‌ಫ್ಲುಯೆಂಜಾ ಜ್ವರ ಬೇರೆ ಬಂದು ದೇಶವೆಲ್ಲ ಹೆಣ ಎಣಿಸುತ್ತಿತ್ತು.

ಇದೆಲ್ಲದರ ನಡುವೆ 1919ರ ಹೊತ್ತಿಗೆ ಈರೋಡಿಗೆ ಕಾವೇರಿಯ ಕೊಳಾಯಿ ನೀರು ಬಂತು. ಆಗ ಅದು ಅಷ್ಟು ಸಣ್ಣ ಊರಿಗೆ ದೊಡ್ಡ ಸಂಗತಿ. ನದಿಯ ನೀರು ಬೀದಿಯ ನಲ್ಲಿಗೆ ಬಂದ ಮೇಲೆ ಕೊಡ ಇಳಿಸುವ ಬಾವಿ ಕಟ್ಟೆಯ ಕಟ್ಟುಪಾಡು ಒಂದೇ ದಿನಕ್ಕೆ ಹೋಯಿತು ಅಂತ ಅಲ್ಲ. ನಲ್ಲಿಯ ಮುಂದೆಯೂ ನಮ್ಮ ಜನ ಸಾಲು ಬೇರೆ ಮಾಡಿಕೊಂಡವರೇ. ಬಾಲ್ಯದ ಆ ಲೋಟಕ್ಕೂ ಈ ನಲ್ಲಿಗೂ ನೇರ ಗಂಟು ಹಾಕುವುದು ಕಥೆಗಾರರ ಕೆಲಸ, ನನ್ನದಲ್ಲ. ಆದರೆ ಬಾವಿಗೆ ಯಜಮಾನನೊಬ್ಬ ಇರುತ್ತಾನೆ, ಕೊಳಾಯಿಗೆ ಯಜಮಾನ ಮುನಿಸಿಪಾಲಿಟಿ. ಕೇಳುವುದಕ್ಕೆ ಒಂದು ಜಾಗ ಆಯಿತು, ಅಷ್ಟು ನಿಜ.

ಸೇಲಂನ ವಕೀಲರು

ಇದೇ ವರ್ಷಗಳಲ್ಲಿ ರೈಲಿನಲ್ಲಿ ಸ್ವಲ್ಪ ದೂರದ ಸೇಲಂ ಮುನಿಸಿಪಾಲಿಟಿಯಲ್ಲಿ ಇನ್ನೊಬ್ಬ ಚೇರ್ಮನ್ ಇದೇ ಚರಂಡಿ, ಇದೇ ನೀರಿನ ತಲೆನೋವು ಅನುಭವಿಸುತ್ತಿದ್ದರು. ಹೊಸೂರು ಕಡೆಯ ಓದುಗರಿಗೆ ಅವರು ಹೊರಗಿನವರಲ್ಲ. ಚಕ್ರವರ್ತಿ ರಾಜಗೋಪಾಲಾಚಾರಿ, ನಮ್ಮ ರಾಜಾಜಿ. 1878ರ ಡಿಸೆಂಬರ್ 10ರಂದು ಹೊಸೂರಿನ ಹತ್ತಿರ ತೊರಪಳ್ಳಿಯಲ್ಲಿ ಹುಟ್ಟಿದವರು. ತಂದೆ ಅದೇ ಊರಿನ ಮುನ್ಸೀಫರು, ಅಂದರೆ ಊರಿನ ಕಂದಾಯ, ಸಣ್ಣಪುಟ್ಟ ವ್ಯಾಜ್ಯ ನೋಡಿಕೊಳ್ಳುವ ಗ್ರಾಮಾಧಿಕಾರಿ. ಹೊಸೂರಿನಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದು, ಮದ್ರಾಸಿನಲ್ಲಿ ಲಾ ಮುಗಿಸಿ, 1900ರಿಂದ ಸೇಲಂನಲ್ಲಿ ವಕೀಲಿ. 1911ರಲ್ಲಿ ಸೇಲಂ ಮುನಿಸಿಪಾಲಿಟಿ ಸದಸ್ಯರು, 1917ರಲ್ಲಿ ಚೇರ್ಮನ್. ಅಲ್ಲಿ ಮೊದಲ ದಲಿತ ಸದಸ್ಯರು ಆರಿಸಿ ಬರಲು ನೆರವಾದದ್ದು ಅವರ ಕಾಲದ ನೆನಪಿಡುವ ಕೆಲಸ. ಸ್ವಂತ ಜಾತಿಯವರ ಸಿಟ್ಟನ್ನು ಅವರೂ ಕಟ್ಟಿಕೊಂಡರು.

ಒಬ್ಬರು ಅಯ್ಯಂಗಾರ್ ವಕೀಲರು, ಒಬ್ಬರು ಓದು ಬಿಟ್ಟ ಮಂಡಿ ವರ್ತಕರು. ಗೆಳೆತನ ಬೆಳೆಯಿತು. ಮುಂದೆ ರಾಜಕೀಯದಲ್ಲಿ ಇಬ್ಬರೂ ಎಂದೂ ಸೇರದ ಎರಡು ದಡ ಆದರೂ ಗೆಳೆತನ ಮಾತ್ರ ಮುರಿಯಲಿಲ್ಲ. ಆ ಗೆಳೆತನದ ಬುಡ ಭಾಷಣದ ವೇದಿಕೆಯಲ್ಲಿ ಅಲ್ಲ, ಎರಡು ಊರಿನ ಈ ಸಣ್ಣ ಕೆಲಸಗಳಲ್ಲಿ ಇದೆ ಅಂತ ನನ್ನ ಎಣಿಕೆ. ಮನುಷ್ಯ ಕಳ್ಳನೋ ಅಲ್ಲವೋ ಅಂತ ತಿಳಿಯಲು ಮುನಿಸಿಪಾಲಿಟಿಗಿಂತ ಒಳ್ಳೆಯ ಒರೆಗಲ್ಲು ಬೇರೆ ಇಲ್ಲ.

1919ರಲ್ಲಿ ಪಂಜಾಬಿನ ಹತ್ಯಾಕಾಂಡ ಆಯಿತು, ಗಾಂಧಿಯವರ ಹೆಸರು ಮನೆ ಮನೆಗೆ ಬಂತು. ರಾಜಾಜಿ ತಮ್ಮ ಚೇರ್ಮನ್ ಪದವಿ ಬಿಟ್ಟರು, ರಾಮಸ್ವಾಮಿ ನಾಯ್ಕರನ್ನೂ ಕಾಂಗ್ರೆಸ್ಸಿಗೆ ಎಳೆದರು. ನಾಯ್ಕರು ಚೇರ್ಮನ್ ಪದವಿಯ ಜತೆಗೆ ಉಳಿದ ಹುದ್ದೆಗಳನ್ನೂ ಒಟ್ಟಿಗೇ ಬಿಟ್ಟುಕೊಟ್ಟರು. ನಲ್ಲಿ ಬಂದು ಇನ್ನೂ ಸರಿಯಾಗಿ ವರ್ಷ ಆಗಿಲ್ಲ, ನಲ್ಲಿ ತಂದವರು ಕುರ್ಚಿಯಲ್ಲಿಲ್ಲ! 1920ರಲ್ಲಿ ಮದ್ರಾಸ್ ಸರ್ಕಾರ ಹೊಸ ಮುನಿಸಿಪಾಲಿಟಿ ಕಾಯಿದೆ ತಂದು ಆರಿಸಿ ಬಂದವರ ಕೈಗೆ ಹೆಚ್ಚು ಅಧಿಕಾರ ಕೊಟ್ಟಿತು. ಅಷ್ಟು ಹೊತ್ತಿಗೆ ಅಧಿಕಾರ ನಡೆಸಬಲ್ಲ ಇಬ್ಬರೂ ಹೊರಗೆ ಬಂದಾಗಿತ್ತು. ನಾಲ್ಕು ವರ್ಷದ ಮೇಲೆ ಅಹಮದಾಬಾದಿನಲ್ಲಿ ವಲ್ಲಭಭಾಯಿ ಪಟೇಲರು, ಪಟ್ನಾದಲ್ಲಿ ರಾಜೇಂದ್ರ ಪ್ರಸಾದರು ಇಂಥದೇ ಮುನಿಸಿಪಾಲಿಟಿ ಕುರ್ಚಿ ಹತ್ತಿದರು. ಕಾಂಗ್ರೆಸ್ಸಿನವರು ಒಮ್ಮೆ ಬಿಟ್ಟ ಕೆಲಸಕ್ಕೆ ಮತ್ತೆ ಕೈ ಹಾಕಿದರು ಅನ್ನಿ. ಈರೋಡಿಗೆ ಇನ್ನೊಂದು ಐದು ವರ್ಷ ಆ ಚೇರ್ಮನ್ ಸಿಕ್ಕಿದ್ದರೆ ಊರು ಹೇಗಿರುತ್ತಿತ್ತು ಅಂತ ಮನಸ್ಸಿಗೆ ಬರದೆ ಇರದು.

ಬಿಟ್ಟದ್ದು ಕುರ್ಚಿ ಮಾತ್ರ ಅಲ್ಲ. ಚೆನ್ನಾಗಿ ನಡೆಯುತ್ತಿದ್ದ ಮಂಡಿಯನ್ನೂ ನಿಲ್ಲಿಸಿದರು. ಅಸಹಕಾರದ ಕಾಲಕ್ಕೆ ಬ್ರಿಟಿಷರ ಕೋರ್ಟಿಗೆ ಹೋಗಬಾರದು ಅಂತ ತೀರ್ಮಾನವಾಗಿತ್ತು. ನಾಯ್ಕರಿಗೆ ಬರಬೇಕಾದ ಬಾಕಿ ಪ್ರಾಮಿಸರಿ ನೋಟು, ಅಡಮಾನ ಪತ್ರ ಎಲ್ಲ ಸೇರಿ ಸುಮಾರು 50 ಸಾವಿರ ರೂಪಾಯಿ. ಆ ಕಾಲದ 50 ಸಾವಿರ! ದಾವೆ ಹಾಕದಿದ್ದರೆ ವಾಯಿದೆ ತೀರಿ ನೋಟು ಬರೀ ಕಾಗದ. ಸೇಲಂನ ಹಿರಿಯ ವಕೀಲ ವಿಜಯರಾಘವಾಚಾರಿಯರು, ಪತ್ರ ನನ್ನ ಹೆಸರಿಗೆ ಮಾಡಿಕೊಡಿ, ಫೀಸಿಲ್ಲದೆ ನಾನೇ ವಸೂಲು ಮಾಡಿ ಕೊಡುತ್ತೇನೆ ಅಂತ ಮುಂದೆ ಬಂದರು. ನಾಯ್ಕರು ಒಪ್ಪಲಿಲ್ಲ. ತಾನು ಹೋಗಬಾರದ ಬಾಗಿಲಿಗೆ ಇನ್ನೊಬ್ಬರನ್ನು ಕಳಿಸುವುದೂ ಒಂದೇ ಅಂತ ಅವರ ಲೆಕ್ಕ. ಹಣ ಹೋಯಿತು. ಕಾಸಿಗೆ ಕಾಸು ಕೂಡಿಸುವ ಜಿಪುಣ ಅಂತ ಮುಂದೆ ಅವರಿಗೆ ಹೆಸರು ಬಂದದ್ದುಂಟು. ಜಿಪುಣತನ ಇದ್ದದ್ದು ನಿಜ. ಬಿಡುವಾಗ ಬಿಟ್ಟದ್ದೂ ಅಷ್ಟೇ ನಿಜ.

ಖಾದಿ ಗಂಟು ಹೊತ್ತು ಊರೂರಲ್ಲಿ ಮಾರಿದರು. ವಯಸ್ಸಾದ ತಾಯಿಗೂ ಖಾದಿ ಉಡಿಸಿದರು. 1921ರಲ್ಲಿ ಹೆಂಡದ ವಿರುದ್ಧ ಚಳವಳಿ ಬಂದಾಗ ಹೆಂಡ ಇಳಿಸುವುದಕ್ಕೆ ಆಸ್ಪದ ಬೇಡ ಅಂತ ಸ್ವಂತ ತೋಟದ 500 ತೆಂಗಿನ ಮರ ಕಡಿಸಿದರು. ಫಲ ಕೊಡುವ ತೆಂಗು ಕಡಿಸುವುದು ಅಂದರೆ ರೈತನಾದವನಿಗೆ ಎದೆ ಝಲ್ಲೆನ್ನುತ್ತದೆ. ಗುತ್ತಿಗೆ ಕೊಡದೆ ಕಾಯಿಗೆ ಬಿಡಬಹುದಿತ್ತಲ್ಲ ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ. ಈರೋಡಿನ ಹೆಂಡದಂಗಡಿಗಳ ಮುಂದೆ ಹೆಂಡತಿ ನಾಗಮ್ಮಾಳ್, ತಂಗಿ ಕಣ್ಣಮ್ಮಾಳ್ ನಿಂತರು. ನಾಯ್ಕರ ಮನೆಯ ಹೆಂಗಸರು ಬೀದಿಗೆ ಬಂದದ್ದು ಆಗಿನ ಕಾಲಕ್ಕೆ ಸಣ್ಣ ಮಾತಲ್ಲ. ಆ ಚಳವಳಿ ನಿಲ್ಲಿಸುವುದು ತನ್ನ ಕೈಲಿಲ್ಲ, ಈರೋಡಿನ ಇಬ್ಬರು ಹೆಂಗಸರ ಕೈಲಿದೆ ಅಂತ ಗಾಂಧಿಯವರೇ ಹೇಳಬೇಕಾಯಿತು.

1924ರಲ್ಲಿ ತಿರುವಾಂಕೂರಿನ ವೈಕಂ. ದೇವಸ್ಥಾನದ ಸುತ್ತಲಿನ ರಸ್ತೆಯಲ್ಲಿ ಈಳವರು, ಪುಲಯರು ನಡೆಯಬಾರದು ಅಂತ ಕಟ್ಟಳೆ. ಅಲ್ಲಿನ ನಾಯಕರು ಜೈಲಿಗೆ ಹೋದ ಮೇಲೆ ನಾಯ್ಕರು ಹೋಗಿ ಮುಂದಾಳ್ತನ ವಹಿಸಿ ಎರಡು ಸಲ ಜೈಲು ಕಂಡರು. ಊರಿನ ರಸ್ತೆ ಅಗಲ ಮಾಡಿಸಿದ ಚೇರ್ಮನ್ನು ಐದಾರು ವರ್ಷದಲ್ಲಿ ರಸ್ತೆಯಲ್ಲಿ ನಡೆಯುವ ಹಕ್ಕಿಗಾಗಿ ಕೈದಿ. 1925ರಲ್ಲಿ ಕುಡಿ ಅರಸು ಪತ್ರಿಕೆ ಶುರು ಮಾಡಿದರು, ಅದೇ ವರ್ಷ ಕಾಂಗ್ರೆಸ್ ಬಿಟ್ಟರು. ಆಮೇಲಿನದು ಎಲ್ಲರಿಗೂ ಗೊತ್ತಿರುವ ಪೆರಿಯಾರ್: ಸ್ವಾಭಿಮಾನ ಚಳವಳಿ, 1938ರ ಹಿಂದಿ ವಿರೋಧ, 1944ರಲ್ಲಿ ಸೇಲಂನಲ್ಲಿ ಹುಟ್ಟಿದ ದ್ರಾವಿಡ ಕಳಗಂ. ಅದನ್ನೆಲ್ಲ ಇಲ್ಲಿ ಹೇಳುತ್ತ ಕೂತರೆ ಪುಟ ಸಾಲದು.

ಕನ್ನಡದವರಾಗಿ ಕನ್ನಡಕ್ಕೆ ಏನು ಮಾಡಿದರು ಅಂತ ನಮ್ಮ ಕಡೆ ಕೆಲವರು ಕೇಳುತ್ತಾರೆ. ಕೇಳುವುದು ತಪ್ಪಲ್ಲ. ಉತ್ತರ ನೇರವಾಗಿ ಹೇಳಬೇಕಾದರೆ, ವಿಶೇಷವಾಗಿ ಏನೂ ಮಾಡಲಿಲ್ಲ. ತಾನು ಕನ್ನಡಿಗ ಅಂತ ಹೇಳಿಕೊಳ್ಳಲು ಅವರಿಗೆ ಸಂಕೋಚವಿರಲಿಲ್ಲ, ಆದರೆ ಅದನ್ನು ಬಾವುಟ ಮಾಡಿಕೊಳ್ಳಲಿಲ್ಲ. ಬರೆದದ್ದು, ಮಾತಾಡಿದ್ದು ತಮಿಳಿನಲ್ಲಿ, ಅಕ್ಷರ ಸುಧಾರಿಸಿದ್ದೂ ತಮಿಳಿನದೇ. ಮನೆಯಲ್ಲೊಂದು ಮಾತು, ಪೇಟೆಯಲ್ಲೊಂದು ಮಾತು ಇಟ್ಟುಕೊಂಡು ಬದುಕುವ ನಮಗೆ ಇದು ಅರ್ಥವಾಗದ ವಿಷಯವಲ್ಲ. ತಾಳವಾಡಿಯಲ್ಲಿ ಕನ್ನಡ ಶಾಲೆಗೆ ಮೇಷ್ಟ್ರು ಬೇಕು ಅಂತ ಅರ್ಜಿ ಬರೆಯುವವರು ನಾವೇ, ಈರೋಡಿನ ಹರಾಜಿನಲ್ಲಿ ತಮಿಳಿನಲ್ಲಿ ರೇಟು ಕೂಗುವವರೂ ನಾವೇ.

1972ರ ಡಿಸೆಂಬರ್ 25ರಂದು ರಾಜಾಜಿ ಮದ್ರಾಸಿನಲ್ಲಿ ತೀರಿಕೊಂಡರು. ಅಷ್ಟು ಹೊತ್ತಿಗೆ ನಡೆಯಲಾಗದ ಸ್ಥಿತಿಯಲ್ಲಿದ್ದ ಪೆರಿಯಾರ್ ಗಾಲಿಕುರ್ಚಿಯಲ್ಲಿ ಸ್ಮಶಾನಕ್ಕೇ ಹೋಗಿ ಅತ್ತರು. ಸರಿಯಾಗಿ ಒಂದು ವರ್ಷಕ್ಕೆ ಒಂದು ದಿನ ಮುಂಚೆ, 1973ರ ಡಿಸೆಂಬರ್ 24ರಂದು, ವೆಲ್ಲೂರಿನ ಆಸ್ಪತ್ರೆಯಲ್ಲಿ ಅವರೂ ಹೋದರು. ಸೇಲಂ ಚೇರ್ಮನ್ನಿಗೂ ಈರೋಡು ಚೇರ್ಮನ್ನಿಗೂ ಸಾಯುವಾಗ ಒಂದೇ ವಯಸ್ಸು, 94.

1979ರಲ್ಲಿ ಕೊಯಮತ್ತೂರು ಜಿಲ್ಲೆಯನ್ನು ಒಡೆದು ಈರೋಡನ್ನು ಕೇಂದ್ರ ಮಾಡಿ ಹೊಸ ಜಿಲ್ಲೆ ಮಾಡಿದಾಗ ಅದಕ್ಕೆ ಪೆರಿಯಾರ್ ಜಿಲ್ಲೆ ಅಂತ ಹೆಸರಿಟ್ಟರು. ತಾಳವಾಡಿಯೂ ಅದರೊಳಗೆ ಬಂತು. 1996-97ರಲ್ಲಿ ವ್ಯಕ್ತಿಗಳ ಹೆಸರನ್ನು ಜಿಲ್ಲೆಗಳಿಂದ ತೆಗೆದಾಗ ಮತ್ತೆ ಈರೋಡು ಜಿಲ್ಲೆ ಆಯಿತು. ಆ ಹದಿನೇಳು ಹದಿನೆಂಟು ವರ್ಷದಲ್ಲಿ ಜಮೀನು ಕೊಂಡವರ, ಭಾಗ ಮಾಡಿಕೊಂಡವರ ಪತ್ರಗಳಲ್ಲಿ ಜಿಲ್ಲೆಯ ಹೆಸರು ಪೆರಿಯಾರ್ ಅಂತಲೇ ಇದೆ.